ಒಳಗಿನ ಅಳತೆ

ಕೋಟಿನ ಎಡತೋಳಿಗೆ ಲೈನಿಂಗ್ ಕೂರಿಸುವ ಕೆಲಸ ಅರ್ಧಕ್ಕೆ ಬಂದಿತ್ತು. ತೋಳನ್ನು ಒಳಮೈ ಹೊರಗಾಗುವಂತೆ ತಿರುವಿ, ಜಾರುವ ಬಟ್ಟೆಯನ್ನು ಗುಂಡುಸೂಜಿಗಳಲ್ಲಿ ನಿಲ್ಲಿಸಿ, ಹೆಗಲಿನ ಸುತ್ತ ಕೈಹೊಲಿಗೆ ಹಾಕುತ್ತಿದ್ದಳು. ದಾರ ಎಳೆಯುವಾಗ ಮೊಣಕೈ ಸ್ವಲ್ಪ ಆಚೆ ಹೋಯಿತು.

"ಗೋಡೆ," ಅಂದ ಗಂಡ, ಪೇಪರಿನಿಂದ ತಲೆ ಎತ್ತದೆ.

ಅವಳು ಮೊಣಕೈ ಒಳಗೆಳೆದುಕೊಂಡಳು. ಅಲ್ಲಿ ಗೋಡೆ ಇರಲಿಲ್ಲ. ನಡುಮನೆಯ ನೆಲದ ಮೇಲೆ ಹಳದಿ ಅಂಟುಪಟ್ಟಿಯ ಒಂದು ಗೆರೆ ಇತ್ತು. ಆ ಗೆರೆ ಹೊಸ್ತಿಲು ದಾಟಿ ಮಲಗುವ ಕೋಣೆಗೆ ಹೋಗಿ, ಮಂಚದ ಸುತ್ತ ಬಳಸಿ, ಮತ್ತೆ ನಡುಮನೆಗೆ ಬಂದು ಮುಗಿಯುತ್ತಿತ್ತು. ಗೆರೆಯ ಒಳಗೆ ಇದ್ದದ್ದು ಮುಂದಿನ ಮನೆ. ಗೆರೆಯ ಹೊರಗೆ ಇದ್ದದ್ದು, ಅವರು ಇನ್ನೂ ವಾಸವಾಗಿದ್ದ ಬಂದರಿನ ಕ್ವಾರ್ಟರ್ಸ್. ಅದನ್ನು ಬಿಟ್ಟುಕೊಡುವ ದಿನ ಹತ್ತಿರ ಬರುತ್ತಿತ್ತು. ಕಂಟೇನರಿನಲ್ಲಿ ಬದುಕುವುದಾದರೆ ಈಗಿನಿಂದಲೇ ಅಭ್ಯಾಸವಾಗಲಿ ಎಂದು ಗಂಡ ಹೂಡಿದ್ದ ಶಿಬಿರ ಇದು. ಗೆರೆ ದಾಟಿದರೆ "ಗೋಡೆ". ಪಕ್ಕದ ಮನೆಯ ಹೆಂಗಸು ಕತ್ತರಿ ಕೇಳಿಕೊಂಡು ಬಂದಾಗಲೂ ಬಿಟ್ಟಿರಲಿಲ್ಲ. "ಅಲ್ಲಲ್ಲ, ಅದು ಬಚ್ಚಲು. ಬಾಗಿಲು ಈ ಕಡೆ ಇದೆ ನೋಡಿ, ಹೀಗೆ ಬನ್ನಿ," ಎಂದು ಆಕೆಯನ್ನು ಗಾಳಿಯ ಬಾಗಿಲಿನಿಂದ ಒಳಗೆ ಕರೆಸಿದ್ದ. ಆಕೆ ಆಮೇಲೆ ಕತ್ತರಿ ಕೇಳಲು ಬಂದಿಲ್ಲ.

ಬಂದರಿನಲ್ಲಿ ಅವನ ಕೆಲಸ ಕಂಟೇನರ್ ತುಂಬಿಸುವುದು. ತಾನೇ ಹೊತ್ತು ತುಂಬುವುದಲ್ಲ. ಯಾವ ಪೆಟ್ಟಿಗೆ ಮೊದಲು, ಯಾವುದು ಆಮೇಲೆ, ಭಾರ ಎಲ್ಲಿ, ಹಗುರ ಎಲ್ಲಿ ಎಂದು ಗೊತ್ತುಮಾಡಿ ತುಂಬಿಸುವುದು. ಸಂದಿ ಬಿಟ್ಟರೆ ಸರಕು ಅಲುಗಾಡುತ್ತದೆ, ಅಲುಗಾಡಿದರೆ ಒಡೆಯುತ್ತದೆ. ಅಂಗೈಯಗಲ ಸಂದಿ ಕಂಡರೂ ಅವನು ಮರದ ತುಂಡು ಹೊಡೆಸದೆ ಬಿಡುತ್ತಿರಲಿಲ್ಲ. ಕೆಲಸದವರು ಅವನ ಬೆನ್ನ ಹಿಂದೆ 'ಸಂದಿ ಮೇಷ್ಟ್ರು' ಅನ್ನುತ್ತಿದ್ದರು. ನಿವೃತ್ತಿಯ ದಿನ ಮಾಲೆ ಹಾಕಿ ಮುಖದ ಮುಂದೆಯೇ ಅಂದರು. ಅವನಿಗೆ ಅದೇ ದೊಡ್ಡ ಬಿರುದಾಯಿತು.

ಈಗ ತುಂಬಿಸಲು ಉಳಿದದ್ದು ಒಂದೇ ಕಂಟೇನರ್. ಒಳಗೆ ಹೋಗಬೇಕಾದ ಸರಕು, ತಾನು ಮತ್ತು ಹೆಂಡತಿ.

ಹಳೆಯ ಸಹೋದ್ಯೋಗಿಗಳು ಕೆಲವರು ಸೇರಿ ಊರಾಚೆ ಒಂದು ಜಾಗ ಹಿಡಿದಿದ್ದರು. ಸಾಲಾಗಿ ಕಟ್ಟೆ ಕಟ್ಟಿ, ಒಂದೊಂದು ಕಟ್ಟೆಯ ಮೇಲೆ ಒಂದೊಂದು ಹಳೆಯ ಕಂಟೇನರ್ ಇಳಿಸಿ, ಕಿಟಕಿ ಕೊರೆಸಿ, ಬಣ್ಣ ಹೊಡೆಸಿ ಮನೆ ಮಾಡಿಕೊಳ್ಳುತ್ತಿದ್ದರು. ಕ್ರೇನ್ ಓಡಿಸುತ್ತಿದ್ದವನದು ಮೊದಲ ಮನೆ. ಅವನೂ ಅವನ ಹೆಂಡತಿಯೂ ಆಗಲೇ ಅಲ್ಲಿ ಸಂಸಾರ ಹೂಡಿದ್ದರು.

ಗಂಡ ಒಳ್ಳೆಯವನಲ್ಲ ಎಂದರೆ ಅವಳ ನಾಲಿಗೆ ಸುಡಬೇಕು. ಅಡುಗೆಕಟ್ಟೆಗೆ ಅಳತೆ ಬೇಕೆಂದು, ಅವಳು ತರಕಾರಿ ಹೆಚ್ಚುವಾಗ ಮೊಣಕೈ ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂದು ಹಲವು ಸಲ ಅಳೆದಿದ್ದ. "ಇಷ್ಟು ವರ್ಷ ಬಗ್ಗಿ ಬಗ್ಗಿ ನಿನ್ನ ಬೆನ್ನು ಹೋಯ್ತು. ಇನ್ನು ಬಗ್ಗಬೇಡ." ಬಚ್ಚಲಲ್ಲಿ ಅವಳ ಕೈಗೆಟುಕುವಲ್ಲಿ ಹಿಡಿಕೆ, ಅವಳ ಎಡಪಕ್ಕಕ್ಕೆ ದೀಪದ ಸ್ವಿಚ್ಚು. ಎಲ್ಲದಕ್ಕೂ ಅವಳನ್ನೇ ಅಳೆದಿದ್ದ. ಇಷ್ಟು ಒಳ್ಳೆಯ ಮನುಷ್ಯನ ಮೇಲೆ ಸಿಟ್ಟು ಬಂದರೆ ಎಲ್ಲಿಂದ ಹಿಡಿದು ಬೈಯುವುದು? ಎಣ್ಣೆ ಸವರಿದ ಕೊಡದಂತೆ, ಹಿಡಿದಲ್ಲೆಲ್ಲ ಜಾರುತ್ತಿದ್ದ.

ಅವಳು ಕೇಳಿದ್ದು ಒಂದೇ. ಒಂದು ಮೂಲೆ, ಅದಕ್ಕೊಂದು ಬಾಗಿಲು.

ಕ್ವಾರ್ಟರ್ಸಿನಲ್ಲಿ ಅವಳ ಹೊಲಿಗೆ ಮೆಷಿನ್ ಇದ್ದದ್ದು ಹಿಂದಿನ ಪುಟ್ಟ ಕೋಣೆಯಲ್ಲಿ. ಗಂಡನಿಗೆ ರಾತ್ರಿಪಾಳಿ ಇದ್ದಾಗ ಹಗಲು ಮಲಗುತ್ತಿದ್ದ. ಮೆಷಿನ್ನಿನ ಶಬ್ದಕ್ಕೆ ಎಚ್ಚರವಾಗದಿರಲಿ ಎಂದು ಅವಳು ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಹಾಗೆ ಶುರುವಾದದ್ದು. ಬಾಗಿಲು ಅವನ ನಿದ್ದೆಗೆಂದು ಅವನೂ ತಿಳಿದಿದ್ದ, ಬಹಳ ಕಾಲ ಅವಳೂ ಹಾಗೇ ತಿಳಿದಿದ್ದಳು. ಆದರೆ ಆ ಬಾಗಿಲ ಹಿಂದೆ ಅವಳು ಬರೀ ಹೊಲಿಯುತ್ತಿರಲಿಲ್ಲ. ಸತ್ತುಹೋದ ಅಮ್ಮನ ಜೊತೆ ಜಗಳವಾಡುತ್ತಿದ್ದಳು. ಹೊಲಿಗೆ ಕೊಡುವ ಕೋಟಿನಂಗಡಿಯ ಯಜಮಾನನಿಗೆ ಎದುರಿಗೆ ಹೇಳಲಾಗದ ಮಾತುಗಳನ್ನು ಕೋಟಿಗೇ ಹೇಳುತ್ತಿದ್ದಳು. ಕೆಲವು ಸಲ ಸೂಜಿ ಕೈಯಲ್ಲಿ ಹಿಡಿದು ಸುಮ್ಮನೆ ಗೋಡೆ ನೋಡುತ್ತ ಕೂತಿರುತ್ತಿದ್ದಳು, ಮುಖಕ್ಕೆ ಯಾವ ಆಕಾರವನ್ನೂ ಕೊಡದೆ. ಹೊರಗೆ ಬರುವಾಗ ಮತ್ತೆ ಮುಖ ಹಾಕಿಕೊಂಡು ಬರುತ್ತಿದ್ದಳು.

ಇದನ್ನೆಲ್ಲ ಕಾರಣ ಎಂದು ಹೇಳಲಾಗುತ್ತದೆಯೇ? "ಬಾಗಿಲು ಯಾಕೆ ಬೇಕು, ಒಂದು ಕಾರಣ ಹೇಳು, ಮಾಡಿಸ್ತೀನಿ," ಎಂದು ಗಂಡ ಕೇಳಿದಾಗ ಅವಳು, "ಮೆಷಿನ್ ಶಬ್ದ," ಅಂದಿದ್ದಳು. ಅದು ಅವನಿಗೆ ಒಪ್ಪಿಗೆಯಾಯಿತು. ಬಾಗಿಲು ತೆರೆಯಲು ಜಾಗ ದಂಡ ಎಂದು ಗೊಣಗಿದರೂ, ಕೊನೆಗೆ ಓಡಾಡುವ ದಾರಿಯ ಪಕ್ಕದಲ್ಲಿ, ಮೆಷಿನ್ನು ಮತ್ತು ಅವಳ ಮೊಣಕಾಲು ಹಿಡಿಸುವಷ್ಟು ಒಂದು ಗೂಡು ಬಿಡಿಸಿ, ಅದಕ್ಕೆ ಸರಿಯುವ ಬಾಗಿಲು ಬರೆದ. ಬರೆದು, ರಾಜ್ಯವನ್ನೇ ಬಿಟ್ಟುಕೊಟ್ಟವನಂತೆ ನಿಟ್ಟುಸಿರುಬಿಟ್ಟ. ಆ ಗೂಡಿನಲ್ಲೇ ಅವಳು ಈಗ ಕೂತಿದ್ದದ್ದು, ಮೂರು ಕಡೆ ಹಳದಿ ಗೆರೆ, ಒಂದು ಕಡೆ ಇಲ್ಲದ ಬಾಗಿಲು.

ತೋಳನ್ನು ಸರಿಯಾಗಿ ತಿರುವಿ, ಒಳಗೆ ಮುಷ್ಟಿ ಹಾಕಿ ನೋಡಿದಳು. ಬಿಗಿ. ಹೊರಬಟ್ಟೆ ಕತ್ತರಿಸಿದವನು ಲೈನಿಂಗಿಗೆಂದು ಸಡಿಲ ಬಿಟ್ಟಿರಲಿಲ್ಲ. ಇದು ಹೊಸಬರು ಮಾಡುವ ತಪ್ಪು. ಕೋಟು ಹೊರಗಿನಿಂದ ದೊಡ್ಡದಾಗಿ ಕಂಡರೂ ಒಳಗೆ ಎರಡು ಪದರ ಬಂದಮೇಲೆ ತೋಳು ಹೋಗುವುದಿಲ್ಲ. ಹಾಗೆಂದುಕೊಳ್ಳುತ್ತಲೇ ಅವಳ ಕಣ್ಣು ನೆಲದ ಗೆರೆಯ ಮೇಲೆ ಹೋಯಿತು.

"ರೀ, ಈ ಡಬ್ಬಕ್ಕೆ ಲೈನಿಂಗ್ ಇಲ್ವಾ?"

"ಏನು ಲೈನಿಂಗು?"

"ಬರೀ ತಗಡಲ್ವಾ? ಬಿಸಿಲಿಗೆ ಕಾಯಲ್ವಾ? ಒಳಗಡೆ ಥರ್ಮೋಕೋಲು, ಹಲಗೆ, ಏನಾದರೂ ಹೊಡೀತಾರಲ್ಲ."

"ಹೊಡೀತಾರೆ. ಎಲ್ಲರೂ ಹೊಡೆಸಿದಾರೆ. ಇಲ್ಲದಿದ್ರೆ ಬೆಂದು ಹೋಗ್ತೀವಿ."

"ಹಂಗಾದ್ರೆ ಈ ಗೆರೆ, ಹೊಡೆದ ಮೇಲಿನ ಅಳತೆನೋ, ಹೊಡೆಯೋಕೆ ಮುಂಚಿಂದೋ?"

ಗಂಡ ಪೇಪರು ಕೆಳಗಿಟ್ಟ. ಗೆರೆಯನ್ನು ನೋಡಿದ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೊಮ್ಮೆ ನೋಡಿದ. ಗೋಡೆಯ ಒಳಪದರವೂ ಜಾಗ ತಿನ್ನುತ್ತದೆಂದು ಕಂಟೇನರಿನ ಒಳಗನ್ನು ಜೀವಮಾನವಿಡೀ ಅಳೆದ ಮನುಷ್ಯನಿಗೆ ಹೊಳೆದೇ ಇರಲಿಲ್ಲ. ಸರಕಿಗೆ ಸೆಕೆಯಾಗುವುದಿಲ್ಲವಲ್ಲ.

"ಅಯ್ಯೋ ನಿನ್ನ," ಅಂದ ಕೊನೆಗೆ, ಮೆಚ್ಚುಗೆಯಿಂದ. "ನೀನು ಬಂದರಲ್ಲಿ ಇರಬೇಕಿತ್ತು ಕಣೇ."

ಆ ಹೊತ್ತಿನಲ್ಲಿ ಅವಳಿಗೂ ಖುಷಿಯೇ ಆಗಿತ್ತು. ಸಂದಿ ಮೇಷ್ಟ್ರ ಲೆಕ್ಕದಲ್ಲಿ ಸಂದಿ ಕಂಡುಹಿಡಿದೆನಲ್ಲ ಎಂದು ಒಳಗೊಳಗೇ ಬೀಗಿದ್ದಳು. ಸಂಜೆಯ ಹೊತ್ತಿಗೆ ಗೊತ್ತಾಯಿತು, ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದೇನೆ ಎಂದು.

ಗಂಡನಿಗೆ ಮಂಡಿ ಬಾಗದಿದ್ದುದರಿಂದ ನೆಲದ ಕೆಲಸವೆಲ್ಲ ಅವಳದೇ. ಅವನು ಕುರ್ಚಿಯಲ್ಲಿ ಕೂತು ಅಂಕಿ ಹೇಳುವುದು, ಅವಳು ಮಂಡಿಯೂರಿ ಅಂಟುಪಟ್ಟಿ ಕಿತ್ತು ಒಳಗೆ ಸರಿಸಿ ಅಂಟಿಸುವುದು. ಈ ಕಡೆಯಿಂದ ಅರ್ಧ ಗೇಣು, ಆ ಕಡೆಯಿಂದ ಅರ್ಧ ಗೇಣು ಹೋಯಿತು. ಅಡುಗೆಕಟ್ಟೆ ಹೇಗೋ ಒಳಗೆ ಉಳಿಯಿತು. ಬಚ್ಚಲು ಉಳಿಯಿತು. ಮಂಚ ಗೋಡೆಗೆ ಒತ್ತಿಕೊಂಡು ಉಳಿಯಿತು. ಅವಳ ಗೂಡಿನ ಹತ್ತಿರ ಬಂದಾಗ ಗಂಡ ಅಂಕಿ ಹೇಳುವುದನ್ನು ನಿಲ್ಲಿಸಿದ.

"ಓಡಾಡೋ ದಾರಿ ಸಾಲಲ್ಲ," ಅಂದ. "ನಿನ್ನ ಮೂಲೆ ಇಟ್ಟರೆ ಅದರ ಪಕ್ಕ ಮನುಷ್ಯ ಅಡ್ಡಡ್ಡ ಹೋಗಬೇಕು, ಏಡಿ ಥರ."

"ಹೋಗೋಣ."

"ನಿನ್ನ ಸೊಂಟ, ನನ್ನ ಹೊಟ್ಟೆ. ಹೋಗೋಣವಂತೆ!"

"ತುದೀಲಿರೋ ಆ ಬೀರು ತೆಗೀರಿ ಹಂಗಾದ್ರೆ."

ತುದಿಯಲ್ಲಿ, ಕಂಟೇನರಿನ ಅಡ್ಡಗಲಕ್ಕೆ, ನೆಲದಿಂದ ಚಾವಣಿಯವರೆಗೆ ಅವನೊಂದು ಬೀರು ಬರೆದಿದ್ದ. ಅದರೊಳಗೆ ಹೋಗಬೇಕಾದವು ಸರಕು ಕಟ್ಟುವ ಬೆಲ್ಟುಗಳು, ಮರದ ಬೆಣೆಗಳು, ಸೀಟಿ, ಹೆಲ್ಮೆಟ್ಟುಗಳು. ಯಾವುದಕ್ಕೆ ಎಂದು ಕೇಳಿದರೆ, ಬೇಕಾಗುತ್ತೆ.

"ಅದು ತೂಕಕ್ಕೆ ಕಣೇ. ಈ ಕಡೆ ಅಡುಗೆಮನೆ, ಬಚ್ಚಲು, ನೀರು, ಎಲ್ಲ ಭಾರ. ಆ ತುದೀಲಿ ಏನಾದರೂ ಇಲ್ಲದಿದ್ರೆ ಬ್ಯಾಲೆನ್ಸ್ ತಪ್ಪುತ್ತೆ."

"ಮನೆ ಎಲ್ಲಿಗೆ ಪ್ರಯಾಣ ಹೊರಟಿದೆ?"

ಅವನಿಗೆ ಅದು ತಮಾಷೆಯಾಗಿ ಕಾಣಲಿಲ್ಲ. "ತಮಾಷೆ ಬೇಡ. ಬಾಗಿಲು ಕೇಳಿದ್ದು ಶಬ್ದಕ್ಕೆ ತಾನೇ? ಈಗ ನಾನು ಹಗಲು ಮಲಗಲ್ಲ. ಎಷ್ಟು ಬೇಕಾದ್ರೂ ಹೊಲಿ, ಶಬ್ದ ಆದ್ರೆ ಆಗಲಿ. ಮಂಚದ ಪಕ್ಕದಲ್ಲೇ ಮೆಷಿನ್ ಇಟ್ಕೋ. ಒಂದು ಪರದೆ ಬೇಕಾದ್ರೆ ಹಾಕಿಸ್ತೀನಿ. ನೀನೇ ಹೊಲೀತೀಯಲ್ಲ, ಚೆನ್ನಾಗಿರೋದು ಹೊಲಿ." ಆಮೇಲೆ, ಇನ್ನೂ ಮೆತ್ತಗೆ, "ಅಲ್ಲದೆ, ಇನ್ನು ಯಾಕೆ ಹೊಲೀಬೇಕು ಹೇಳು? ನಾನು ನಿವೃತ್ತಿ ಆದೆ, ನೀನೂ ಆಗು. ಇಬ್ಬರೂ ಎದುರುಬದುರು ಕೂತು ಟೀ ಕುಡಿಯೋಣ."

ಅವಳು ಗೂಡಿನ ಗೆರೆಗಳನ್ನು ಕಿತ್ತಳು. ಅಂಟು ಬಲವಾಗಿತ್ತು; ಉಗುರಿನಲ್ಲಿ ಎಬ್ಬಿಸಿ ಎಳೆಯಬೇಕಾಯಿತು. ಕಿತ್ತ ಪಟ್ಟಿ ಬೆರಳಿಗೆ ಸುತ್ತಿಕೊಂಡಿತು. ಒಂದು ಬೆರಳಿಂದ ಬಿಡಿಸಿದರೆ ಇನ್ನೊಂದಕ್ಕೆ.

"ಸಿಟ್ಟಾ?" ಎಂದು ಕೇಳಿದ.

"ಇಲ್ಲ," ಅಂದಳು. ಬೇರೇನು ಹೇಳುವುದು? ಅವನ ಪ್ರತಿ ಮಾತೂ ಸರಿಯಾಗಿತ್ತು. ಸರಿಯಾದ ಮಾತುಗಳನ್ನೆಲ್ಲ ಸಂದಿಯಿಲ್ಲದೆ ಜೋಡಿಸಿಬಿಟ್ಟಿದ್ದ. ಅವಳು ಎಲ್ಲಿ ಬೆರಳು ತೂರಿಸಬೇಕು?

ಮರುದಿನ ಮಗಳು ಫೋನ್ ಮಾಡಿದಳು. ಅವಳು ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ತಾಯಿಯ ಜೊತೆ ಮಾತಾಡುವುದು ರೂಢಿ.

"ಅಮ್ಮಾ, ಅಪ್ಪ ಹೊಸ ಪ್ಲಾನ್ ಕಳಿಸಿದ್ರು. ಎಷ್ಟು ಮುದ್ದಾಗಿದೆ! ಬೊಂಬೆಮನೆ ಥರ."

"ಬೊಂಬೆಗಳಿಗೆ ಸರಿಹೋಗುತ್ತೆ."

"ಯಾಕೆ ಹಿಂಗೆ ಅಂತೀಯ? ಅಪ್ಪ ಹೇಳಿದ್ರು, ಬಾಗಿಲು ಹೋಯ್ತು ಅಂತ ನೀನು ಮುಖ ಊದಿಸ್ಕೊಂಡಿದ್ದೀಯಂತೆ. ಅಲ್ಲಮ್ಮಾ, ಇರೋದೇ ಇಬ್ಬರು. ಬಾಗಿಲು ಮುಚ್ಕೊಂಡು ಒಳಗಡೆ ಏನ್ ಮಾಡ್ತೀಯ ನೀನು?"

"ಏನೂ ಮಾಡಲ್ಲ."

ಮಗಳು ನಕ್ಕಳು. "ಏನೂ ಮಾಡದೇ ಇರೋಕೆ ಬಾಗಿಲು ಯಾಕೆ?"

ಅವಳೂ ನಕ್ಕಳು, ನಗದಿದ್ದರೆ ಮಾತು ಉದ್ದವಾಗುತ್ತದೆಂದು. ಏನೂ ಮಾಡದೇ ಇರುವುದಕ್ಕೇ ಬಾಗಿಲು ಬೇಕಾಗುವುದು ಎಂದು ಹೆತ್ತ ಮಗಳಿಗೂ ಹೇಳಲಾಗದಿದ್ದರೆ ಇನ್ನು ಯಾರಿಗೆ ಹೇಳುವುದು? ಮಗಳಿಗೆ ಇನ್ನೂ ವಯಸ್ಸು ಚಿಕ್ಕದು. ತಾನು ಮನೆಯಲ್ಲಿ ಒಬ್ಬಳೇ ಇರುವುದು ತೀರಾ ಜಾಸ್ತಿಯೆಂದು ಗೋಳಾಡುತ್ತಾಳೆ. ಹೊಟ್ಟೆ ತುಂಬಿದವರಿಗೂ ಹಸಿದವರಿಗೂ ಒಂದೇ ಎಲೆಯ ಮುಂದೆ ಮಾತು ಹೊಂದುವುದಿಲ್ಲ.

ಆ ವಾರ ತಮ್ಮ ಕಟ್ಟೆ ಒಣಗಿದೆಯೇ ನೋಡಲು ಊರಾಚೆಯ ಕಂಟೇನರ್ ಕಾಲೊನಿಗೆ ಹೋದರು. ಗಂಡಸರು ಚರಂಡಿ ಪೈಪಿನ ಸುತ್ತ ನಿಂತು, ನೀರು ಯಾವ ಕಡೆ ಹರಿಯಬೇಕೆಂದು ನೀರನ್ನು ಬಿಟ್ಟು ಮಿಕ್ಕವರನ್ನೆಲ್ಲ ಕೇಳತೊಡಗಿದರು. ಕ್ರೇನಿನವನ ಹೆಂಡತಿ ಅವಳ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಅವಳಿಗಿಂತ ಹಿರಿಯಳು, ದೊಡ್ಡ ದನಿಯವಳು. ಬಂದರಿನ ಸಂಸಾರಗಳೆಲ್ಲ ಕ್ರೇನಕ್ಕ ಎಂದೇ ಕರೆಯುತ್ತಿದ್ದದ್ದು.

"ನೋಡು ತಂಗಿ, ನಮ್ಮ ಅರಮನೆ." ಕ್ರೇನಕ್ಕ ಗೋಡೆಯಿಂದ ಮೇಜು ಇಳಿಸಿದಳು, ಮೇಜಿನ ಕೆಳಗಿಂದ ಸ್ಟೂಲು ಎಳೆದಳು, ಮಂಚವನ್ನು ಎತ್ತಿ ಗೋಡೆಗೆ ಸಿಕ್ಕಿಸಿದಳು. "ಇಸ್ತ್ರಿ ಹಲಗೆನೂ ಮಡಚುತ್ತೆ, ಬಟ್ಟೆ ಒಣಗಿಸೋದೂ ಮಡಚುತ್ತೆ. ಈ ಮನೇಲಿ ಮಡಚದೇ ಇರೋದು ನಾವಿಬ್ಬರೇ."

"ಚೆನ್ನಾಗಿದೆ ಅಕ್ಕ."

"ಚೆನ್ನಾಗಿಲ್ಲ ಅಂತ ಯಾರಂದ್ರು? ನಾನು ಕೆಮ್ಮಿದ್ರೆ ಅವರು ನೀರು ತಂದುಕೊಡ್ತಾರೆ. ನಿಟ್ಟುಸಿರು ಬಿಟ್ಟರೆ 'ಏನಾಯ್ತೇ' ಅಂತಾರೆ. ಏನೂ ಆಗಿಲ್ಲ ಅಂದ್ರೆ 'ಏನೂ ಆಗದೆ ಯಾಕೆ ನಿಟ್ಟುಸಿರು' ಅಂತಾರೆ. ಪೊಲೀಸ್ ಸ್ಟೇಷನ್ನಲ್ಲೂ ಇಷ್ಟು ವಿಚಾರಿಸಿಕೊಳ್ಳಲ್ಲ." ಅವಳ ಮುಖವನ್ನೊಮ್ಮೆ ದಿಟ್ಟಿಸಿ ನೋಡಿ, ಕಿಟಕಿಯಾಚೆ ಕೂಗಿದಳು, "ರೀ, ನಾವು ಟ್ಯಾಂಕ್ ನೋಡ್ಕೊಂಡು ಬರ್ತೀವಿ!"

ನೀರಿನ ಟ್ಯಾಂಕು ಸಾಲಿನ ಕೊನೆಯಲ್ಲಿತ್ತು. ಅದರಾಚೆಗೆ ಒಂದು ಕಟ್ಟೆಯ ಮೇಲೆ, ಕಿಟಕಿ ಕೊರೆಯದ, ಬಣ್ಣ ಕಾಣದ ಕಂಟೇನರ್ ಒಂದು ಹಾಗೇ ಇತ್ತು. ತರಿಸಿದವನು ಮನಸ್ಸು ಬದಲಾಯಿಸಿ ಅಣ್ಣನ ಮನೆಗೆ ಹೋಗಿ ಸೇರಿಕೊಂಡಿದ್ದನಂತೆ. ಸ್ವಲ್ಪ ನೋಡಿಕೊಳ್ಳಿ ಎಂದು ಬೀಗದ ಕೈ ಕ್ರೇನಕ್ಕನ ಹತ್ತಿರ ಬಿಟ್ಟಿದ್ದ. ಕ್ರೇನಕ್ಕ ಬಾಗಿಲ ಹಿಡಿಕೆ ನೋಡಿ, "ಕ್ಲಿಪ್ಪಿಲ್ಲ, ಯಾರೂ ಇಲ್ಲ," ಎಂದು ಬಾಗಿಲು ತೆಗೆದಳು.

ಒಳಗೆ ಏನೂ ಇರಲಿಲ್ಲ. ಎಣ್ಣೆಕಲೆಯ ಹಲಗೆನೆಲ, ತುಕ್ಕಿನ ವಾಸನೆ, ಮಧ್ಯದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ.

"ಇಲ್ಲಿರೋ ಹೆಂಗಸರೆಲ್ಲ ಬರ್ತೀವಿ," ಅಂದಳು ಕ್ರೇನಕ್ಕ, ಮೊದಲ ಸಲ ದನಿ ತಗ್ಗಿಸಿ. "ಒಬ್ಬೊಬ್ಬರೇ. ಹಿಡಿಕೆಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿದ್ರೆ ಒಳಗೆ ಯಾರೋ ಇದಾರೆ ಅಂತ. ಮನೇಲಿ ಟ್ಯಾಂಕ್ ನೋಡ್ಕೊಂಡು ಬರ್ತೀವಿ ಅಂತೀವಿ. ಈ ಟ್ಯಾಂಕನ್ನ ನೋಡಿದಷ್ಟು ಲೋಕದಲ್ಲಿ ಯಾವ ಟ್ಯಾಂಕನ್ನೂ ಯಾರೂ ನೋಡಿಲ್ಲ."

"ಒಂದೇ ಕುರ್ಚಿ?"

"ಎರಡಿಟ್ಟರೆ ಮಾತಾಗುತ್ತೆ."

ಅವಳು ಕುರ್ಚಿಯ ಬೆನ್ನನ್ನು ಮುಟ್ಟಿ ನೋಡಿದಳು. ಹಾಗಾದರೆ ತಾನೊಬ್ಬಳೇ ಅಲ್ಲ. "ನಿಮ್ಮೋರಿಗೆ ಯಾಕೆ ಹೇಳಲ್ಲ ಅಕ್ಕ?"

"ಹೇಳಿದ್ರೆ ಅವರೂ ಒಂದು ಕುರ್ಚಿ ತಗೊಂಡು ಬರ್ತಾರೆ. ಪ್ರೀತಿಯಿಂದಲೇ ಬರ್ತಾರೆ, ಅದೇ ಕಷ್ಟ. ಹೋಗು, ಕೂತ್ಕೋ ಸ್ವಲ್ಪ ಹೊತ್ತು. ನಾನು ಹೊರಗಿರ್ತೀನಿ." ಕ್ರೇನಕ್ಕ ಬಾಗಿಲನ್ನು ಎಳೆದುಕೊಂಡಳು, ಒಂದು ಎಳೆ ಬೆಳಕಿನಷ್ಟು ಬಿಟ್ಟು.

ಅವಳು ಕೂತಳು. ತಗಡು ಕಾದು ಚಿಟಿಚಿಟಿ ಅನ್ನುತ್ತಿತ್ತು. ಸೆಕೆಗೆ ಕುತ್ತಿಗೆಯ ಮೇಲೆ ಬೆವರು ಹರಿಯಿತು, ಹರಿಯಲಿ ಎಂದು ಬಿಟ್ಟಳು. ಕೈಗಳನ್ನು ತೊಡೆಯ ಮೇಲೆ ಎಲ್ಲಿ ಬಿದ್ದವೋ ಅಲ್ಲೇ ಬಿಟ್ಟಳು. ಹಲ್ಲು ಕಚ್ಚಿಕೊಂಡಿದ್ದೆ ಎಂಬುದು, ಕಚ್ಚಿದ್ದು ಸಡಿಲವಾದಾಗ ಗೊತ್ತಾಯಿತು. ಈ ಡಬ್ಬದ ಮೇಲೆ ಅವಳಿಗೆ ದ್ವೇಷವೇ ಇರಲಿಲ್ಲ. ಖಾಲಿ ಇದ್ದಾಗ ಎಷ್ಟು ಚೆನ್ನಾಗಿತ್ತು! ತುಂಬಿಸುವುದಕ್ಕೆಂದೇ ಹುಟ್ಟಿದ ಮನುಷ್ಯನ ಕೈಗೆ ಸಿಕ್ಕಿದ್ದು ಅದರ ಕರ್ಮ.

ಹೊರಗೆ ಗಂಡನ ದನಿ ಕೇಳಿತು. "ಎಲ್ಲಿ ಇವಳು?"

"ಆ ಕಡೆ ಟ್ಯಾಂಕ್ ಹಿಂದೆ ಹೋಗಿದಾಳೆ, ವಾಲ್ವ್ ನೋಡೋಕೆ," ಅಂದಳು ಕ್ರೇನಕ್ಕ, ಲೀಲಾಜಾಲವಾಗಿ.

"ವಾಲ್ವಾ? ಅವಳಿಗೆ ಯಾಕೆ ವಾಲ್ವು? ಕಾಲು ಜಾರೀತು ಅಲ್ಲಿ, ಕೆಸರಿದೆ." ಹೆಜ್ಜೆಗಳು ಹತ್ತಿರ ಬಂದವು. ಕಂಟೇನರನ್ನು ಬಳಸಿಕೊಂಡು ಹಿಂದಕ್ಕೆ ಹೋದವು. "ಏನೇ! ಎಲ್ಲಿದ್ದೀಯ? ಹುಷಾರು!"

ಅವಳು ಕುರ್ಚಿಯಲ್ಲಿ ಅಲುಗದೆ ಕೂತಿದ್ದಳು. ಉಸಿರು ಬಿಗಿಹಿಡಿದಿದ್ದಳು, ಕಣ್ಣಾಮುಚ್ಚಾಲೆಯಲ್ಲಿ ಧಾನ್ಯದ ಮೂಟೆಯ ಹಿಂದೆ ಕೂತ ಹುಡುಗಿಯ ಹಾಗೆ. ಉಸಿರು ಹಿಡಿದಿದ್ದೇನೆ ಎಂದು ಅರಿವಾದದ್ದೇ, ಇಷ್ಟು ದಿನ ಎಲ್ಲೂ ಹಿಡಿಯಲು ಸಿಗದಿದ್ದ ಸಿಟ್ಟು ಸರ್ರನೆ ಏರಿತು. ತಲೆ ಹಣ್ಣಾದ ಹೆಂಗಸು, ಯಾರದೋ ಬಿಟ್ಟುಹೋದ ಡಬ್ಬದಲ್ಲಿ, ಯಾರದೋ ಸರದಿಯ ಕುರ್ಚಿಯಲ್ಲಿ, ಸುಳ್ಳು ಹೇಳಿಸಿಕೊಂಡು ಅಡಗಿ ಕೂತಿದ್ದಾಳೆ. ತನ್ನದೇ ಗಂಡನಿಂದ, ಅದೂ ಅವನು ತನ್ನ ಕಾಲು ಜಾರದಿರಲೆಂದು ಹುಡುಕುತ್ತಿರುವಾಗ! ಹೀಗೇ ಆದರೆ ಅವನ ಲೆಕ್ಕವೆಲ್ಲ ಸರಿಯಾಗಿಬಿಡುತ್ತದೆ. ಒಳಗೆ ಹಿಡಿಸದ್ದನ್ನು ಅವಳೇ ಹೊತ್ತುಕೊಂಡು ಬಂದು, ಅವನ ಕಣ್ಣಿಗೆ ಬೀಳದ ಜಾಗದಲ್ಲಿ ಇಟ್ಟುಕೊಂಡಿರುತ್ತಾಳಲ್ಲ. ನೋಡು, ಎಲ್ಲ ಹಿಡಿಸಿತು ಅನ್ನುತ್ತಾನೆ.

ಬಾಗಿಲು ತಳ್ಳಿ ಹೊರಗೆ ಬಂದಳು. ಗಂಡ ಟ್ಯಾಂಕಿನ ಹಿಂದೆ ಇನ್ನೂ ಕೂಗುತ್ತಿದ್ದ.

"ಮುಖ ಕೆಂಪಗಾಗಿದೆಯಲ್ಲೇ," ಅಂದಳು ಕ್ರೇನಕ್ಕ. "ಮೊದಮೊದಲು ಸೆಕೆ. ಆಮೇಲೆ ಅಭ್ಯಾಸ ಆಗುತ್ತೆ. ನೀನು ಬಂದ ಮೇಲೆ ನಿನಗೆ ಮಧ್ಯಾಹ್ನ ಹಾಕೋಣ್ವಾ? ಆಗ ನಿಮ್ಮೋರು ಪೇಪರ್ ಓದ್ತಿರ್ತಾರೆ."

"ನೋಡೋಣ ಅಕ್ಕ," ಅಂದಳು. ಕ್ರೇನಕ್ಕನ ಮೇಲೂ ಸಿಟ್ಟು ಬಂದಿತ್ತು. ಅದು ಅನ್ಯಾಯವೆಂದು ಗೊತ್ತಿದ್ದೂ ಬಂದಿತ್ತು.

ಬಸ್ಸಿನಲ್ಲಿ ಗಂಡ ಅವಳ ಚಪ್ಪಲಿಗೆ ಕೆಸರು ಹತ್ತಿಲ್ಲದ್ದನ್ನು ನೋಡಿದ. "ಪರವಾಗಿಲ್ಲ, ಹುಷಾರಾಗಿದ್ದೀಯ," ಅಂದ.

ಗೆರೆ ಹಾಕುವ ದಿನ ಬೆಸುಗೆಯವನ ಅಂಗಳಕ್ಕೆ ಹೋದರು. ಅಲ್ಲಿ ಕಂಟೇನರುಗಳು ಒಂದರ ಮೇಲೊಂದು ಏರಿ ನಿಂತಿದ್ದವು. ಎಲ್ಲೋ ಕಬ್ಬಿಣ ಕೊಯ್ಯುವ ಮೆಷಿನ್ನು ಕಿವಿ ಕೊರೆಯುತ್ತಿತ್ತು. ಅವರ ಕಂಟೇನರ್ ಮುಂದೆಯೇ ಇತ್ತು, ಬಾಗಿಲು ಅಗಲವಾಗಿ ತೆರೆದುಕೊಂಡು. ಒಳಗಿನ ನೆಲದ ಮೇಲೆ ಅಡ್ಡಗೋಡೆಗಳು ಎಲ್ಲೆಲ್ಲಿ ಬರಬೇಕೋ ಅಲ್ಲೆಲ್ಲ ಸೀಮೆಸುಣ್ಣದ ಗೆರೆ ಎಳೆದುಕೊಟ್ಟರೆ, ಬೆಸುಗೆಯವನು ಅದರ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸುತ್ತಾನೆ. ಮಂಡಿಯೂರುವ ಕೆಲಸವಾದ್ದರಿಂದ ಅದೂ 'ಅಮ್ಮಾವ್ರೇ' ಮಾಡುತ್ತಾರೆಂದು ಗಂಡ ಮುಂಚೆಯೇ ಹೇಳಿಟ್ಟಿದ್ದ.

"ಗೆರೆ ದಪ್ಪಗೆ ಎಳೀರಿ ಅಮ್ಮಾ," ಅಂದ ಬೆಸುಗೆಯವನು, ಕನ್ನಡಕವನ್ನು ಹಣೆಗೆ ಏರಿಸಿ. "ಬಾಗಿಲು ಬರೋ ಕಡೆ ಗೆರೆ ಬಿಟ್ಟು, ಎರಡೂ ತುದಿಗೆ ಗುಣಾಕಾರದ ಗುರುತು ಹಾಕಿ. ಪ್ಲಾನು ಗೀನು ನಂಗೆ ಕೊಡಬೇಡಿ. ಗೆರೆ ಇದ್ದಲ್ಲಿ ಬೆಸುಗೆ, ಅಷ್ಟೇ. ಇವತ್ತೇ ನಿಲ್ಲಿಸಿಬಿಡ್ತೀನಿ. ನಾಳೆ ಬೇರೆಯವರ ಕೆಲಸ ಇದೆ."

"ನನ್ನ ಹೆಂಡತಿ ಗೆರೆ ಅಂದ್ರೆ ಗೆರೆ," ಅಂದ ಗಂಡ ಹೆಮ್ಮೆಯಿಂದ. "ಕೂದಲಷ್ಟೂ ಆಚೀಚೆ ಹೋಗಲ್ಲ." ಅವನು ಹೊರಗೆ ನೆರಳಿನಲ್ಲಿ ಸ್ಟೂಲು ಹಾಕಿಸಿಕೊಂಡು ಕೂತು, ಪ್ಲಾನು ಮಂಡಿಯ ಮೇಲೆ ಹರಡಿಕೊಂಡ.

ಅವಳು ಟೇಪು, ಸೀಮೆಸುಣ್ಣ ಹಿಡಿದು ಒಳಗೆ ಹೋದಳು. ಅವನು ಅಂಕಿ ಕೂಗಿದ, ಅವಳು ಅದನ್ನೇ ತಿರುಗಿ ಕೂಗಿ ಗೆರೆ ಎಳೆದಳು. ಒಳಗಿನಿಂದ ಅವಳ ದನಿ ಗಂಡಸಿನ ದನಿಯಂತೆ ದೊಡ್ಡದಾಗಿ ಹೊರಗೆ ಹೋಗುತ್ತಿತ್ತು. ಬಚ್ಚಲಿನ ಗೋಡೆ ಆಯಿತು, ಬಾಗಿಲಿನ ಎರಡು ಗುಣಾಕಾರ ಆಯಿತು. ಅಡುಗೆಕಟ್ಟೆ ಆಯಿತು. ಮಂಚದ ತಲೆಯ ಕಡೆಯ ಗೆರೆ ಆಯಿತು. ಮೊಣಕಾಲು ಹಲಗೆಗೆ ಒತ್ತಿ ನೋಯುತ್ತಿತ್ತು. ಅವಳ ಗೂಡು ಇರಬೇಕಾಗಿದ್ದ ಜಾಗದ ಮೇಲೆ ಹಾದೇ ಮುಂದಿನ ಗೆರೆಗೆ ಹೋಗಬೇಕಾಯಿತು.

"ಈಗ ಬೀರು!" ಎಂದು ಕೂಗಿದ ಗಂಡ. "ಕೊನೆ ಗೋಡೆಯಿಂದ ಅಳೆ. ಅಡ್ಡಗಲಕ್ಕೆ ಪೂರ್ತಿ ಒಂದೇ ಗೆರೆ." ಅಂಕಿ ಹೇಳಿದ.

ಅವಳು ಅಂಕಿಯನ್ನು ತಿರುಗಿ ಕೂಗಿದಳು. ಟೇಪಿನ ಕೊಂಡಿಯನ್ನು ಕೊನೆಯ ಗೋಡೆಗೆ ಸಿಕ್ಕಿಸಿ ಹಿಂದಕ್ಕೆ ಸರಿದಳು. ಬೀರಿನ ಅಳತೆ ಬಂತು. ಕೈ ನಿಲ್ಲಲಿಲ್ಲ, ಟೇಪು ಇನ್ನಷ್ಟು ಬಿಚ್ಚಿಕೊಂಡಿತು. ಮಂಚದ ಕಾಲ ಕಡೆ, ಎದುರುಬದುರು ಕೂತು ಟೀ ಕುಡಿಯಲೆಂದು ಅವನು ಬಿಟ್ಟಿದ್ದ ಎರಡು ಕುರ್ಚಿಗಳ ಜಾಗದೊಳಕ್ಕೆ ಅವಳು ಬಂದಿದ್ದಳು. ಅಲ್ಲೇ ಕೂತು ನೋಡಿದಳು. ಇಲ್ಲಿ ಮೆಷಿನ್ನು. ಇಲ್ಲಿ ಕತ್ತರಿಸುವ ಹಲಗೆ. ಕಾಲು ಚಾಚಿದರೆ ಗೋಡೆ ತಾಗುವುದಿಲ್ಲ. ಪಕ್ಕದಲ್ಲಿ ಯಾರೂ ಏಡಿಯಂತೆ ಹಾಯಬೇಕಿಲ್ಲ, ಏಕೆಂದರೆ ಇದರಾಚೆ ಹೋಗಲು ಏನೂ ಇಲ್ಲ, ಇದೇ ಕೊನೆ. ಬೀರನ್ನು ತೆಗೆಯಬಹುದೆಂದು ಒಮ್ಮೆ ಅಂದುಕೊಂಡಿದ್ದರೆ ಅವನಿಗೂ ಈ ಜಾಗ ಕಾಣುತ್ತಿತ್ತು. ಕುರ್ಚಿಗಳು ಹೊರಗೆ ಕಟ್ಟೆಯ ಮೇಲೆ ಹೋಗಲಿ, ಗಾಳಿಯಾದರೂ ಬರುತ್ತದೆ. ಬೆಲ್ಟುಗಳು ಮಂಚದ ಕೆಳಗೆ ಸುರುಳಿ ಸುತ್ತಿಕೊಂಡು ಮಲಗಲಿ. ಹೆಲ್ಮೆಟ್ಟಿಗೆ ಒಂದು ಮೊಳೆ ಸಾಕು.

ಹೇಳಬಹುದಿತ್ತು. ಬಾಗಿಲವರೆಗೆ ಹೋಗಿ, ರೀ, ಹೀಗೆ ಮಾಡಿದರೆ ಹೇಗೆ ಅನ್ನಬಹುದಿತ್ತು. ಅವನು ಕೇಳಿಸಿಕೊಳ್ಳುತ್ತಿದ್ದ, ಗಂಭೀರವಾಗಿ, ಮಧ್ಯೆ ಬಾಯಿ ಹಾಕದೆ. ಆಮೇಲೆ ತೂಕ ಅನ್ನುತ್ತಿದ್ದ. ಕಾರಣ ಹೇಳು ಅನ್ನುತ್ತಿದ್ದ. ಅವಳು ಒಂದು ಕಾರಣ ಹೇಳುತ್ತಿದ್ದಳು, ಅದಕ್ಕೆ ಅವನ ಹತ್ತಿರ ಇನ್ನೂ ಒಳ್ಳೆಯ ಕಾರಣ ಇರುತ್ತಿತ್ತು. ಬೆಸುಗೆಯವನು ಗಡಿಯಾರ ನೋಡುತ್ತಿದ್ದ. ಅವಳು, ಹೋಗಲಿ ಬಿಡಿ, ಅನ್ನುತ್ತಿದ್ದಳು.

"ಆಯ್ತಾ?"

"ಎಳೀತಾ ಇದ್ದೀನಿ."

"ಅಳತೆ ನೆನಪಿದೆ ತಾನೇ?"

"ಇದೆ."

ಸಂಜೆ ಚೌಕಟ್ಟು ನಿಂತ ಮೇಲೆ ಅವನು ಒಳಗೆ ಬಂದು ನೋಡುತ್ತಾನೆ. ಇದೇನು ಅನ್ನುತ್ತಾನೆ. ದನಿ ಏರಬಹುದು, ಏರದೆಯೂ ಇರಬಹುದು. ಏರದಿದ್ದರೆ ಇನ್ನೂ ಕಷ್ಟ. ಯಾಕೆ ಎಂದು ಕೇಳುತ್ತಾನೆ. ಮಗಳಿಗೆ ಫೋನ್ ಮಾಡುತ್ತಾನೆ, ಅವಳೂ ಯಾಕೆ ಎಂದು ಕೇಳುತ್ತಾಳೆ. ಅವಳು ಯಾರಿಗೂ ಕಾರಣ ಹೇಳುವುದಿಲ್ಲ. ಮೆಷಿನ್ ಶಬ್ದ ಅನ್ನುವುದಿಲ್ಲ, ಬೆನ್ನು ಅನ್ನುವುದಿಲ್ಲ, ಬೆಳಕು ಅನ್ನುವುದಿಲ್ಲ. ತಪ್ಪಿ ಎಳೆದೆ ಎಂದೂ ಅನ್ನುವುದಿಲ್ಲ. ಬಾಗಿಲು ಬೇಕಿತ್ತು, ಅನ್ನುತ್ತಾಳೆ. ಎಷ್ಟು ಸಲ ಕೇಳಿದರೂ ಅಷ್ಟೇ.

ಹೊರಗೆ ಗಂಡ ಬೆಸುಗೆಯವನಿಗೆ, ಬಂದರಿನಲ್ಲಿ ಒಮ್ಮೆ ಗಾಜಿನ ಸಾಮಾನು ತುಂಬಿದ ಕಥೆ ಹೇಳತೊಡಗಿದ್ದ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಒಂದು ಲೋಟವೂ ಒಡೆದಿರಲಿಲ್ಲವಂತೆ. ಬೆಸುಗೆಯವನು ಹೌದಾ ಹೌದಾ ಅನ್ನುತ್ತಿದ್ದ. ಅವಳು ಕೂತಲ್ಲಿಂದ ಮಂಡಿಯ ಮೇಲೆ ಎದ್ದಳು. ಗೋಡೆಯಿಂದ ಗೋಡೆಗೆ ದಪ್ಪಗೆ ಗೆರೆ ಎಳೆಯುತ್ತ ಬಂದು, ತನ್ನ ಭುಜ ಹಾಯುವಷ್ಟು ಬಿಟ್ಟು, ಸೀಮೆಸುಣ್ಣ ಒತ್ತಿ ಮೊದಲನೆಯ ಗುಣಾಕಾರ ಹಾಕಿದಳು.